ರಾತ್ರಿ ಮೀನು ನೋಡಲು ಎಷ್ಟು ಬೆಳಕು ಸಾಕು?

ಪ್ರಶ್ನೆ: ನಮ್ಮದು ಎರಡು ಅಡಿ ಉದ್ದದ ಟ್ಯಾಂಕ್. ನಿಯಾನ್ ಟೆಟ್ರಾ ಮತ್ತು ಕೂಲಿ ಲೋಚ್ ಇವೆ. ಲೋಚ್‌ಗಳು ಹಗಲಲ್ಲಿ ಕಲ್ಲಿನಡಿಯಿಂದ ಹೊರಗೇ ಬರುವುದಿಲ್ಲ. ರಾತ್ರಿಯಾದರೂ ನೋಡೋಣವೆಂದು ಲೈಟ್ ಹಾಕಿದರೆ ಟೆಟ್ರಾಗಳು ಗಾಬರಿಬಿದ್ದು ಗಾಜಿಗೆ ಬಡಿದುಕೊಳ್ಳುತ್ತವೆ. ಏನು ಮಾಡಬೇಕು?

ಉತ್ತರ: ಕತ್ತಲಾದ ಮೇಲೆ ಟ್ಯಾಂಕಿನ ದೊಡ್ಡ ಲೈಟನ್ನು ಮುಟ್ಟಲೇಬೇಡಿ. ಮೀನಿಗೆ ಮುಚ್ಚಿಕೊಳ್ಳಲು ರೆಪ್ಪೆಯಿಲ್ಲ. ನಮ್ಮ ಕಣ್ಣಿನ ಪಾಪೆ ತಟ್ಟನೆ ಕಿರಿದಾಗುತ್ತದೆ, ಹೆಚ್ಚಿನ ಮೀನುಗಳದ್ದು ಹಾಗಾಗದು. ಅಕ್ಷಿಪಟಲದೊಳಗಿನ ಜೀವಕೋಶಗಳೇ ಸರಿದಾಡಿ ಬೆಳಕಿಗೆ ಹೊಂದಿಕೊಳ್ಳಬೇಕು, ಅದಕ್ಕೆ ಹತ್ತಾರು ನಿಮಿಷ ಬೇಕು. ಅಷ್ಟರವರೆಗೆ ಅವು ದಿಕ್ಕು ತೋಚದೆ ಓಡುತ್ತವೆ, ಮುಚ್ಚಳವಿಲ್ಲದಿದ್ದರೆ ಹೊರಗೆ ಹಾರಿ ಸಾಯುವುದೂ ಉಂಟು.

ನಿಮಗೆ ಬೇಕಿರುವುದು ಬೆಳದಿಂಗಳಷ್ಟು ಬೆಳಕು. ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಕೂಡ ಇರುವುದಿಲ್ಲ. ಅಂಗಡಿಯವರು ಕೊಡುವ ನೀಲಿ ಎಲ್ಇಡಿ ಸ್ಟ್ರಿಪ್ ಅನ್ನು ಎರಡು ಅಡಿಯೂ ಅಂಟಿಸಿದರೆ ಅದು ಬೆಳದಿಂಗಳಲ್ಲ, ನೀಲಿ ಹಗಲು. ಮೀಟರಿಗೆ 60 ಎಲ್ಇಡಿ ಇರುವ 12 ವೋಲ್ಟಿನ ಸ್ಟ್ರಿಪ್ಪಿನಲ್ಲಿ ಪ್ರತಿ ಮೂರು ಎಲ್ಇಡಿಗೊಮ್ಮೆ, ಅಂದರೆ 5 ಸೆಂಟಿಮೀಟರಿಗೊಮ್ಮೆ, ಕತ್ತರಿಸುವ ಗೆರೆ ಇರುತ್ತದೆ. ಅಂಥ ಒಂದೇ ತುಂಡು ಸಾಕು. ಅದನ್ನು ಮುಚ್ಚಳದ ಹಿಂಬದಿಯ ಮೂಲೆಗೆ ಅಂಟಿಸಿ. ಬೆಳಕು ಒಂದೇ ಕಡೆಯಿಂದ ಬಿದ್ದಾಗ ಫಿಲ್ಟರ್ ನೀರಿನ ಅಲೆ ಮರಳಿನ ಮೇಲೆ ಬೆಳ್ಳಿಗೆರೆಗಳಾಗಿ ಹರಿದಾಡುತ್ತದೆ. ಉದ್ದ ಸ್ಟ್ರಿಪ್ಪಿನಲ್ಲಿ ಆ ಸೊಗಸು ಕಲಸಿಹೋಗುತ್ತದೆ.

ಕತ್ತರಿಸಿದ ತುದಿಗೆ ನೀರು ತಾಗದಂತೆ ಸಿಲಿಕೋನ್ ಅಂಟು ಹಚ್ಚುವಾಗ ಮೂಸಿ ನೋಡಿ. ವಿನಿಗರ್ ವಾಸನೆ ಬಂದರೆ ಬೇಡ. ಆ ಆಮ್ಲಕ್ಕೆ ತಾಮ್ರ ಕಿಲುಬುಗಟ್ಟಿ ಕೆಲವೇ ತಿಂಗಳಲ್ಲಿ ಎಲ್ಇಡಿ ಮಿಣುಕತೊಡಗಬಹುದು. ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ. ಅಡಾಪ್ಟರ್ ನೀರಿನ ಮಟ್ಟಕ್ಕಿಂತ ಮೇಲಿರಲಿ. ವೈರು ಸಾಕೆಟ್ಟಿಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಇಳಿಬಿದ್ದು ಮೇಲೇರಲಿ, ಆಗ ವೈರಿನಗುಂಟ ಇಳಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಪರೀಕ್ಷೆ ಹೀಗೆ: ಕೋಣೆಯ ದೀಪ ಆರಿಸಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಟ್ಯಾಂಕಿನ ಮುಂದೆ ಹಿಡಿದ ಗಡಿಯಾರದ ಮುಳ್ಳು ಕಾಣಬೇಕು, ಪುಸ್ತಕದ ಅಕ್ಷರ ಓದಲು ಬರಬಾರದು. ಓದಲು ಬಂದರೆ, ಅಥವಾ ಟೆಟ್ರಾಗಳು ಹಗಲಿನಂತೆ ಗುಂಪಾಗಿ ಸುತ್ತುತ್ತಿದ್ದರೆ, ಡಿಮ್ಮರ್ ಹಾಕಿ ಇನ್ನೂ ಇಳಿಸಿ. ಈ ಬೆಳಕಿನಲ್ಲಿ ಟೆಟ್ರಾದ ಹೊಳೆವ ಪಟ್ಟಿ ಕಪ್ಪುನೇರಳೆಗೆ ತಿರುಗಿ ಮಂಕಾಗಿರುತ್ತದೆ. ಅದು ಕಾಯಿಲೆಯಲ್ಲ, ಬೆಳಗಾದ ಮೇಲೆ ಬಣ್ಣ ತಾನೇ ಮರಳುತ್ತದೆ.

ದೊಡ್ಡ ಲೈಟ್ ಆರುವ 15 ನಿಮಿಷ ಮೊದಲೇ ಇದು ಹತ್ತಲಿ, ಟೈಮರಿಗೇ ಬಿಡಿ. ದೊಡ್ಡ ಲೈಟ್ ಆರಿ ಅರ್ಧ ಗಂಟೆಯಾದ ಮೇಲೆ ಮುಳುಗುವ ಆಹಾರದ ಒಂದೆರಡು ಗುಳಿಗೆಯನ್ನು ಗಾಜಿನ ಹತ್ತಿರವೇ ಹಾಕಿ. ಲೋಚ್‌ಗಳು ಮೊದಲು ಮೀಸೆ ಚಾಚಿ ಮರಳು ತಡವುತ್ತವೆ, ಆಮೇಲೆ ಇಡೀ ಮೈ ಹೊರಗೆಳೆದುಕೊಳ್ಳುತ್ತವೆ. ನಿಜಕ್ಕೂ ಕಾದು ನೋಡುವಂಥದ್ದು!

ಪ್ರಶ್ನೆ: ನೀಲಿ ಲೈಟನ್ನು ರಾತ್ರಿಯಿಡೀ ಉರಿಸಬಹುದೇ? ಗಾಜಿನ ಮೇಲೆ ಪಾಚಿ ಹೆಚ್ಚಾಗಿದೆ.

ಉತ್ತರ: ಬೇಡ. ಪಾಚಿ ಹೆಚ್ಚಲು ಅತಿಯಾದ ಆಹಾರ, ನೀರು ಬದಲಿಸದಿರುವುದು ಕೂಡ ಕಾರಣವಿರಬಹುದು. ಆದರೆ ಪ್ರಖರವಾದ ನೀಲಿ ಬೆಳಕು ಪಾಚಿಗೆ ಊಟವೇ. ಮೀನಿಗಾಗುವ ತೊಂದರೆ ಅದಕ್ಕಿಂತ ದೊಡ್ಡದು: ರಾತ್ರಿಯ ಬೆಳಕು ಕತ್ತಲಲ್ಲಿ ಹೆಚ್ಚುವ ಮೆಲಟೋನಿನ್ ಎಂಬ ಹಾರ್ಮೋನನ್ನು ಇಳಿಸಿ ಅದರ ವಿಶ್ರಾಂತಿ ಕೆಡಿಸುತ್ತದೆ. ದೊಡ್ಡ ಲೈಟ್ ದಿನಕ್ಕೆ 8 ಗಂಟೆ, ನೀಲಿ ಎರಡು ಗಂಟೆ, ಮಿಕ್ಕ ರಾತ್ರಿ ಪೂರ್ತಿ ಕತ್ತಲೆ ಇರಲಿ.

ಪ್ರಶ್ನೆ: ಕೆಂಪು ಬೆಳಕು ಮೀನಿಗೆ ಕಾಣುವುದೇ ಇಲ್ಲವಂತೆ, ನಿಜವೇ?

ಉತ್ತರ: ಎಲ್ಲ ಮೀನಿಗೂ ಅದು ನಿಜವಲ್ಲ. ಗೋಲ್ಡ್‌ಫಿಶ್‌ಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಆದರೂ ಮಂದ ಕೆಂಪಿಗೆ ಅನೇಕ ನಿಶಾಚರ ಮೀನುಗಳು ನೀಲಿಗಿಂತ ಕಡಿಮೆ ಬೆದರುತ್ತವೆ, ಹಾಗಾಗಿ ನಾಚಿಕೆಯ ಮೀನಿದ್ದರೆ ಪ್ರಯತ್ನಿಸಿ. ನೋಟ ಮಾತ್ರ ಅಷ್ಟು ಚೆನ್ನಾಗಿರುವುದಿಲ್ಲ, ಗಿಡಗಳೆಲ್ಲ ಕಪ್ಪಾಗಿ ಕಾಣುತ್ತವೆ.