ಸೊರೆಂಟೊಗೆ ಹೊರಟವರ ಮೂರು ಪತ್ರಗಳು

ಪ್ರಶ್ನೆ: ನಮ್ಮ ಮಗಳು ಇಟಲಿಯಲ್ಲಿ ಓದುತ್ತಿದ್ದಾಳೆ. ಬರುವ ಮೇ ತಿಂಗಳಲ್ಲಿ ನಾವು ದಂಪತಿ, ಎಪ್ಪತ್ತು ದಾಟಿದ ಅತ್ತೆಯವರನ್ನು ಕರೆದುಕೊಂಡು ಅವಳಲ್ಲಿಗೆ ಹೋಗುತ್ತಿದ್ದೇವೆ. ಸೊರೆಂಟೊ ಎಂಬ ಕಡಲೂರಿನಲ್ಲಿ ನಾಲ್ಕು ದಿನ ಉಳಿಯುವ ಯೋಚನೆಯಿದೆ. ಅಷ್ಟರಲ್ಲಿ ಕಾಪ್ರಿ, ಪೊಸಿಟಾನೊ, ಅಮಾಲ್ಫಿ, ಪಾಂಪೆ, ವೆಸೂವಿಯಸ್ ಎಲ್ಲವನ್ನೂ ನೋಡಬಹುದೆ? ಅತ್ತೆಯವರಿಗೆ ಮೊಣಕಾಲು ನೋವಿದೆ. ನೀರಿಗಿಳಿಯಲು ಮರಳಿನ ದಂಡೆ ಇದೆಯೆ?
– ಒಬ್ಬ ಶಿಕ್ಷಕಿ, ಬಾಗಲಕೋಟೆ

ಉತ್ತರ: ಓಡಾಡಿದರೆ ಎಲ್ಲವನ್ನೂ ನೋಡಬಹುದು, ಆದರೆ ಹಾಗೆ ಮಾಡಬೇಡಿ ಎಂಬುದೇ ನನ್ನ ಸಲಹೆ. ಹೆಚ್ಚಿನ ಪ್ರವಾಸಿಗರು ಸೊರೆಂಟೊವನ್ನು ಕೇವಲ ರಾತ್ರಿ ಮಲಗುವ ಊರನ್ನಾಗಿ ಮಾಡಿಕೊಂಡು ಬೆಳಗಾದೊಡನೆ ಬಸ್ಸು, ದೋಣಿಗಳ ಸಾಲಿನಲ್ಲಿ ನಿಲ್ಲುತ್ತಾರೆ. ಹಿರಿಯರು ಜೊತೆಗಿರುವಾಗ ಎರಡು ದಿನವನ್ನು ಊರಿಗೇ ಮೀಸಲಿಟ್ಟು, ಉಳಿದೆರಡು ದಿನಗಳಲ್ಲಿ ಹೊರಗೆ ಹೋಗಿ ಬರುವುದು ಒಳ್ಳೆಯದು.

ಮೊದಲು ದಂಡೆಯ ಮಾತು. ಗೋಕರ್ಣ, ಮುರುಡೇಶ್ವರಗಳ ಮರಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಶೆಯಾಗುತ್ತದೆ. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಮೇಲೆ ಕೆಂಪು ಬಂಡೆ ನೆಟ್ಟಗೆ ಎದ್ದು ನಿಂತಿರುವುದನ್ನು ನೀವು ನೋಡಿಯೇ ಇದ್ದೀರಿ. ಸೊರೆಂಟೊದಲ್ಲಿ ಹಾಗೆಯೇ ಕಡಲಿನಿಂದ ಬಂಡೆ ಏಳುತ್ತದೆ, ಊರು ಆ ಬಂಡೆಯ ನೆತ್ತಿಯ ಮೇಲಿದೆ. ಅಲ್ಲಿಯದು ಮಾತ್ರ ಮರಳುಗಲ್ಲಲ್ಲ, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ಬಂಡೆಯ ಬುಡದಲ್ಲಿ ಮರಳು ಬಹಳ ಕಡಿಮೆಯಾದ್ದರಿಂದ ನೀರಿನ ಮೇಲೆ ಕಟ್ಟಿದ ಹಲಗೆಯ ಕಟ್ಟೆಗಳಲ್ಲಿ ಹಣ ಕೊಟ್ಟು ಕುರ್ಚಿ, ಕೊಡೆ ಪಡೆದು ಕುಳಿತುಕೊಳ್ಳಬೇಕು, ಮೆಟ್ಟಿಲಿಳಿದು ನೀರಿಗೆ ಹೋಗಬೇಕು. ವಿಲ್ಲಾ ಕೊಮುನಾಲೆ ಎಂಬ ಉದ್ಯಾನದಿಂದ ಕೆಳಗಿನ ದಂಡೆಗೆ ಟಿಕೆಟ್ ಪಡೆದು ಹೋಗುವ ಲಿಫ್ಟ್ ಇದೆ, ಅತ್ತೆಯವರಿಗೆ ಅದೇ ದಾರಿ. ಇಳಿಯಲು ಮನಸ್ಸಿಲ್ಲದಿದ್ದರೆ ಆ ಉದ್ಯಾನದ ಕಟಾಂಜನದ ಬಳಿ ಸಂಜೆ ಒಂದು ಗಂಟೆ ಕುಳಿತರೂ ಸಾಕು. ಕೊಲ್ಲಿಯ ಆಚೆ ವೆಸೂವಿಯಸ್ ಜ್ವಾಲಾಮುಖಿ ಪರ್ವತ ಇಡಿಯಾಗಿ ಕಾಣುತ್ತದೆ. ಅದನ್ನು ದೂರದಿಂದಲೇ ನೋಡಿ. ಅದರ ಬಾಯಿಯವರೆಗೆ ಹೋಗಲು ಕೊನೆಯ ಏರುದಾರಿಯನ್ನು ನಡೆದೇ ಹತ್ತಬೇಕಾಗುತ್ತದೆ.

ಉದ್ಯಾನದ ಪಕ್ಕದಲ್ಲೇ ಸಂತ ಫ್ರಾನ್ಸಿಸರ ಮಠದ ಹಳೆಯ ಕಂಬಸಾಲಿನ ಅಂಗಳವಿದೆ. ಚರ್ಚುಗಳಿಗೆ ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕು. ಇಳಕಲ್ ಸೀರೆ ಉಟ್ಟವರಿಗೆ ಇದರ ಚಿಂತೆಯಿಲ್ಲ, ಮಗಳಿಗೆ ಒಂದು ಶಾಲು ಇರಲಿ. ಊರಿನ ನಡುವಿನ ಚೌಕಕ್ಕೆ 1544ರಲ್ಲಿ ಇಲ್ಲಿಯೇ ಹುಟ್ಟಿದ ಕವಿ ತೊರ್ಕ್ವಾತೊ ತಾಸ್ಸೊ ಅವರ ಹೆಸರಿಟ್ಟಿದ್ದಾರೆ. ಅಲ್ಲಿಂದ ಕೆಲವೇ ಹೆಜ್ಜೆ ನಡೆದು ಕಂದಕದೊಳಗೆ ಬಗ್ಗಿ ನೋಡಿದರೆ, ಪಾಳುಬಿದ್ದ ಹಳೆಯ ಹಿಟ್ಟಿನ ಗಿರಣಿಯೊಂದು ಹಸಿರಿನಲ್ಲಿ ಮುಳುಗಿ ನಿಂತಿರುವುದು ಕಾಣುತ್ತದೆ. ಹಳೆಯ ಓಣಿಗಳಲ್ಲಿ ಬಣ್ಣಬಣ್ಣದ ಮರದ ತೆಳು ಚೂರುಗಳನ್ನು ಒಂದಕ್ಕೊಂದು ಕೂಡಿಸಿ ಚಿತ್ರ ಮೂಡಿಸುವ ಕುಶಲಕರ್ಮಿಗಳ ಅಂಗಡಿಗಳಿವೆ, ಈ ಕಲೆಗೆಂದೇ ಒಂದು ಸಂಗ್ರಹಾಲಯವೂ ಇದೆ. ಗೋಕಾಕದ ಮರದ ಗೊಂಬೆಗಳನ್ನು ಮಾಡುವ ಕೈಗಳನ್ನು ನೋಡಿ ಬೆಳೆದ ನಮ್ಮ ಭಾಗದವರು ಇದನ್ನು ತಪ್ಪಿಸಬಾರದು. ಸಂಜೆ ಬಸ್ಸಿನಲ್ಲಿ ಮರೀನಾ ಗ್ರಾಂದೆ ಎಂಬ ಮೀನುಗಾರರ ಕೇರಿಗೆ ಇಳಿಯಿರಿ. ಊರಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಅದು.

ಹೊರಗೆ ಹೋಗುವ ಎರಡು ದಿನಗಳಲ್ಲಿ ಒಂದನ್ನು ಪಾಂಪೆಗೆ ಕೊಡಿ. ನೇಪಲ್ಸ್‌ನಿಂದ ಸೊರೆಂಟೊಗೆ ಬರುವ ಸ್ಥಳೀಯ ರೈಲಿನ ಹಾದಿಯಲ್ಲೇ ಅದು ಇದೆ, ಸೊರೆಂಟೊದಿಂದ ಅರ್ಧ ಗಂಟೆಯ ಪ್ರಯಾಣ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟಿಸಿದಾಗ ಬೂದಿಯಲ್ಲಿ ಹುಗಿದುಹೋದ ಈ ನಗರದ ಉತ್ಖನನ 1748ರಲ್ಲಿ ಆರಂಭವಾಯಿತು. ಪಟ್ಟದಕಲ್ಲಿನಲ್ಲಿ ನಾವು ನೋಡುವುದು ದೇವರ ಮನೆಗಳನ್ನು. ಪಾಂಪೆಯಲ್ಲಿ ಜನರ ಮನೆಗಳು, ರೊಟ್ಟಿ ಸುಡುವ ಒಲೆಗಳು, ಬೀಸುವ ಕಲ್ಲುಗಳು, ಬೀದಿಯ ಕಲ್ಲಿನಲ್ಲಿ ಗಾಡಿಯ ಗಾಲಿ ಕೊರೆದ ಗುರುತುಗಳು ಉಳಿದಿವೆ. ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶವಿದ್ದು ಟಿಕೆಟ್ಟಿನ ಮೇಲೆ ಹೆಸರು ಇರುವುದರಿಂದ ಮೊದಲೇ ಕಾಯ್ದಿರಿಸಿ. ನೆರಳು ಕಡಿಮೆ, ಕಲ್ಲುಹಾಸು ಏರುತಗ್ಗು. ಬೆಳಿಗ್ಗೆ ಬೇಗ ಹೋಗಿ, ಅತ್ತೆಯವರ ಕಾಲು ತಡೆಯುವಷ್ಟನ್ನೇ ನೋಡಿ ಹಿಂದಿರುಗಿ.

ಇನ್ನೊಂದು ದಿನ ಕಾಪ್ರಿ ದ್ವೀಪಕ್ಕೆ ಹೋಗಬಹುದು. ವೇಗದ ದೋಣಿಯಲ್ಲಿ ಸುಮಾರು ಅರ್ಧ ಗಂಟೆ. ಅಲ್ಲಿಯ ನೀಲಿ ಗವಿಯ ಬಾಯಿ ಎಷ್ಟು ತಗ್ಗೆಂದರೆ, ಪುಟ್ಟ ದೋಣಿಗೆ ಇಳಿದು ಅದರಲ್ಲಿ ಮಲಗಿಕೊಂಡೇ ಒಳಹೋಗಬೇಕು, ಅಲೆ ಎದ್ದ ದಿನ ಅದನ್ನು ಮುಚ್ಚುತ್ತಾರೆ. ಮೊಣಕಾಲು ನೋವಿನವರು ಅದನ್ನು ಬಿಡುವುದೇ ಲೇಸು. ಪೊಸಿಟಾನೊ ಎಂದರೆ ಊರೆಲ್ಲ ಮೆಟ್ಟಿಲು, ಅದನ್ನು ಅಮಾಲ್ಫಿ ಎಂಬ ಕಡಲೂರಿಗೆ ಹೋಗುವ ದೋಣಿಯಿಂದಲೇ ಕಣ್ತುಂಬ ನೋಡಬಹುದು. ಹಾಗಾಗಿ ಕಾಪ್ರಿ ಅಥವಾ ಅಮಾಲ್ಫಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಸೊರೆಂಟೊದಲ್ಲಿ ಊಟಕ್ಕೆ ಏನು ಮಾಡಬೇಕು? ಅಲ್ಲಿರುವ ಬಂಧುಗಳಿಗೆ ಬೆಳಗಾವಿಯ ಕುಂದಾ ಒಯ್ಯಬಹುದೆ? ವೀಸಾಕ್ಕೆ ಎಷ್ಟು ದಿನ ಮೊದಲು ಅರ್ಜಿ ಹಾಕಬೇಕು?
– ಒಬ್ಬ ಓದುಗರು, ಬೆಳಗಾವಿ

ಉತ್ತರ: ಕುಂದಾ ಒಯ್ಯಬೇಡಿ. ಹೊರದೇಶದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಸಿಕ್ಕಿಬಿದ್ದರೆ ಕಸದ ಬುಟ್ಟಿಗೆ ಹೋಗುತ್ತದೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟುಕೊಳ್ಳಿ.

ಊಟಕ್ಕೆ ಕಷ್ಟವಿಲ್ಲ. ಆಲೂಗಡ್ಡೆಯ ಸಣ್ಣ ಉಂಡೆಗಳನ್ನು ಟೊಮೆಟೊ, ಮೊಝರೆಲ್ಲಾ ಚೀಸ್, ತುಳಸಿಯ ಜಾತಿಯ ಬೇಸಿಲ್ ಸೊಪ್ಪು ಸೇರಿಸಿ ಬೇಯಿಸುವ ‘ನ್ಯೊಕ್ಕಿ ಅಲ್ಲಾ ಸೊರೆಂತಿನಾ’ ಈ ಊರಿನದೇ ಅಡುಗೆ. ಆದರೆ ಒಂದು ವಿಷಯವನ್ನು ಶುದ್ಧ ಸಸ್ಯಾಹಾರಿಗಳು ತಿಳಿದಿರಬೇಕು: ಪಾರ್ಮೆಸಾನ್ ಮೊದಲಾದ ಇಟಲಿಯ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ದ್ರವ್ಯವನ್ನು ಬಳಸುತ್ತಾರೆ. ಇದನ್ನು ಒಪ್ಪದವರು ‘ಸೆಂಜಾ ಫೊರ್ಮಾಜ್ಜೊ’, ಅಂದರೆ ಚೀಸ್ ಇಲ್ಲದೆ, ಎಂದು ಕೇಳಬೇಕು. ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ ಇರುತ್ತವೆ, ಹೆಸರಿನಲ್ಲಿ ಕಡಲಿದ್ದರೂ ಮೀನಿಲ್ಲ. ಅಲ್ಲಿ ‘ಪೆಪೆರೊನಿ’ ಎಂದರೆ ದೊಣ್ಣಮೆಣಸಿನಕಾಯಿ, ಅಂಜಬೇಡಿ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಹಣ ಸೇರಿರುವುದು ಮೋಸವಲ್ಲ, ಅದು ಅಲ್ಲಿಯ ಪದ್ಧತಿ.

ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕಡೆಯ ಗಡುವು 15 ದಿನ. ಗಡುವಿನವರೆಗೆ ಕಾಯದೆ ಮೂರು ತಿಂಗಳ ಮೊದಲೇ ಬೆರಳ ಗುರುತು ಕೊಡುವ ದಿನ ಗೊತ್ತುಮಾಡಿಕೊಳ್ಳಿ. ವಯಸ್ಕರಿಗೆ ಶುಲ್ಕ 90 ಯುರೋ, ಕನಿಷ್ಠ 30,000 ಯುರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ.

ಪ್ರಶ್ನೆ: ನನ್ನದು ನಾಲ್ಕು ಎಕರೆ ಲಿಂಬೆ ತೋಟ. ಸೊರೆಂಟೊದ ಲಿಂಬೆ ಜಗತ್ತಿನಲ್ಲೇ ಹೆಸರುವಾಸಿ ಎಂದು ಓದಿದೆ. ಮಗನೊಂದಿಗೆ ಹೋಗುತ್ತಿದ್ದೇನೆ. ಅಲ್ಲಿಯ ತೋಟಗಳನ್ನು ನೋಡಬಹುದೆ? ಸಸಿ ತರಬಹುದೆ?
– ಒಬ್ಬ ಬೆಳೆಗಾರರು, ಇಂಡಿ

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಂತೆ ಸೊರೆಂಟೊದ ಲಿಂಬೆಗೆ 2000ದಲ್ಲಿಯೇ ಯುರೋಪಿನ ಅಂಥದೇ ಮಾನ್ಯತೆ ದೊರೆತಿದೆ. ಹಣ್ಣು ಮಾತ್ರ ಬೇರೆ ಜಾತಿಯದು. ನಮ್ಮದು ತೆಳು ಸಿಪ್ಪೆಯ, ರಸಕ್ಕಾಗಿ ಬೆಳೆಯುವ ಸಣ್ಣ ಕಾಯಿ, ಅವರದು ಉದ್ದುರುಟಾದ, ದಪ್ಪ ಸಿಪ್ಪೆಯ ದೊಡ್ಡ ಹಣ್ಣು. ಆ ಸಿಪ್ಪೆಯಲ್ಲಿರುವ ಸುವಾಸನೆಯ ಎಣ್ಣೆಯೇ ಅವರ ಬಂಡವಾಳ. ಸಿಪ್ಪೆಯನ್ನು ಮದ್ಯಸಾರದಲ್ಲಿ ನೆನೆಸಿ, ಸಕ್ಕರೆ ಪಾಕ ಬೆರೆಸಿ ಮಾಡುವ ಲಿಮೊಂಚೆಲ್ಲೊ ಎಂಬ ಪಾನೀಯ ಅಂಗಡಿ ಅಂಗಡಿಯಲ್ಲೂ ಸಿಗುತ್ತದೆ. ಕುಡಿಯದವರಿಗೆ ಲಿಂಬೆಯ ಮಂಜುಪುಡಿಯಾದ ಗ್ರಾನಿತಾ ಇದೆ.

ತೋಟ ನೋಡಲು ಹಳ್ಳಿಗೆ ಹೋಗಬೇಕಾಗಿಲ್ಲ, ತಾಸ್ಸೊ ಚೌಕದಿಂದ ನಡೆದುಹೋಗುವಷ್ಟು ದೂರದಲ್ಲಿ, ಊರಿನ ನಡುವೆಯೇ ಸಾರ್ವಜನಿಕರು ಅಡ್ಡಾಡಬಹುದಾದ ಲಿಂಬೆ, ಕಿತ್ತಳೆ ತೋಟಗಳಿವೆ. ಅಲ್ಲಿ ನೀವು ಗಮನಿಸಬೇಕಾದದ್ದು ಹಂದರವನ್ನು. ಚೆಸ್ಟ್‌ನಟ್ ಮರದ ಉದ್ದ ಗಳುಗಳನ್ನು ನೆಟ್ಟು, ಅಡ್ಡ ಗಳು ಕಟ್ಟಿ, ಅದರ ಮೇಲೆ ಹಿಂದೆ ಹುಲ್ಲಿನ ಚಾಪೆಗಳನ್ನು ಹೊದಿಸುತ್ತಿದ್ದರು, ಈಗ ಬಹುಪಾಲು ಬಲೆ ಹೊದಿಸುತ್ತಾರೆ. ಚಳಿಗಾಲದ ಶೀತ, ಕಡಲ ಗಾಳಿ, ಆಲಿಕಲ್ಲುಗಳಿಂದ ಗಿಡ ಉಳಿಯುವುದರ ಜೊತೆಗೆ ಹಣ್ಣು ಮಾಗುವುದೂ ನಿಧಾನವಾಗಿ, ಮಾರುಕಟ್ಟೆಗೆ ತಡವಾಗಿ ಬರುತ್ತದೆ. ನೀರಿಗಾಗಿ ಟ್ಯಾಂಕರ್ ಕಾಯುವ ನಮ್ಮ ಬಿಸಿಲುನಾಡಿಗೆ ಆ ಹಂದರ ಹಾಗೆಯೇ ಹೊಂದುವುದಿಲ್ಲ. ಆದರೆ ಎಲ್ಲರ ಹಣ್ಣೂ ಒಮ್ಮೆಲೇ ಬಂದು ದರ ಕುಸಿಯುವ ನೋವನ್ನು ಬಲ್ಲ ನೀವು, ಕೊಯ್ಲನ್ನು ಹಿಂದೆ ಮುಂದೆ ಮಾಡುವ ಅವರ ಉಪಾಯವನ್ನು ನಿಂತು ನೋಡಲೇಬೇಕು.

ಸಸಿ, ಕಸಿಕಡ್ಡಿ, ಬೀಜ ಯಾವುದನ್ನೂ ತರಬೇಡಿ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಎರಡೂ ಇಲ್ಲದೆ ಇಂಥವನ್ನು ಭಾರತಕ್ಕೆ ತರುವಂತಿಲ್ಲ. ಲಿಂಬೆ ಜಾತಿಯ ರೋಗಗಳು ಕಸಿಕಡ್ಡಿಯೊಳಗೆ ಕಣ್ಣಿಗೆ ಕಾಣದಂತೆ ಅಡಗಿ ಬರುತ್ತವೆ, ಒಂದು ಕಡ್ಡಿಯಿಂದ ನಿಮ್ಮ ಓಣಿಯ ತೋಟಗಳೆಲ್ಲ ಹಾಳಾದಾವು. ಅಳತೆಪಟ್ಟಿ, ಕ್ಯಾಮೆರಾ ಒಯ್ಯಿರಿ. ಗಳುಗಳ ಎತ್ತರ, ಸಾಲುಗಳ ಅಂತರ, ಬಲೆ ಕಟ್ಟಿದ ಬಗೆ ಇವನ್ನು ಬರೆದುಕೊಂಡು ಬಂದು ನಮ್ಮ ಪತ್ರಿಕೆಗೂ ಒಂದು ಪ್ರತಿ ಕಳುಹಿಸಿ.