ಮಾದರಿಗೆ ಮ್ಯಾಟ್ ಲೇಪ: ಬೆಳ್ಳಗಾದರೆ ಏನು ಮಾಡುವುದು?

ಪ್ರಶ್ನೆ: 1/72 ಅಳತೆಯ ಮಿಗ್-21 ಮಾದರಿಗೆ ಬಣ್ಣ, ಡೆಕಾಲ್ (ಅಂಟಿಸುವ ಗುರುತಿನ ಚಿತ್ರ) ಎಲ್ಲ ಮುಗಿಸಿ ಕೊನೆಗೆ ಲ್ಯಾಕರ್ ಮ್ಯಾಟ್ (ಹೊಳಪಿಲ್ಲದ) ಸ್ಪ್ರೇ ಹೊಡೆದೆ. ಹತ್ತು ನಿಮಿಷದಲ್ಲಿ ಇಡೀ ವಿಮಾನ ವಿಭೂತಿ ಬಳಿದ ಹಾಗೆ ಬೆಳ್ಳಗಾಯಿತು. ಅಂದು ಜೋರು ಮಳೆಯಿತ್ತು. ಉಳಿಸಿಕೊಳ್ಳಬಹುದೇ? (ಉಡುಪಿ)

ಉತ್ತರ: ಉಳಿಸಿಕೊಳ್ಳಬಹುದು. ಗಾಬರಿಬಿದ್ದು ಅದರ ಮೇಲೆಯೇ ಇನ್ನೊಂದು ಸುತ್ತು ಮ್ಯಾಟ್ ಮಾತ್ರ ಹೊಡೆಯಬೇಡಿ. ಮೊದಲು ಅದು ಯಾವ ಬಿಳುಪು ಎಂದು ನೋಡಬೇಕು. ಮೂರು ಬಗೆಯಿದೆ, ಮದ್ದೂ ಬೇರೆ ಬೇರೆ.

ಎಲ್ಲ ಕಡೆ ಒಂದೇ ಸಮನಾಗಿ ಹಾಲಿನಂಥ ಮಂಜು ಕವಿದಿದ್ದರೆ ಅದು ತೇವದ ಕೆಲಸ. ಲ್ಯಾಕರ್‌ನ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ನೀರಾವಿ ಅಲ್ಲಿ ಸೂಕ್ಷ್ಮ ಹನಿಯಾಗಿ ಕೂತು ಲೇಪದೊಳಗೇ ಸಿಕ್ಕಿಕೊಳ್ಳುತ್ತದೆ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮದು ಇದೇ ಇರಬೇಕು. ಬಿಳುಪು ಪ್ಯಾನೆಲ್ ಗೆರೆಗಳಲ್ಲಿ (ವಿಮಾನದ ತಗಡುಗಳ ಜೋಡಣೆ ತೋರಿಸುವ ಗೀರುಗಳಲ್ಲಿ), ರೆಕ್ಕೆಯ ಬುಡದಲ್ಲಿ ಹೆಚ್ಚು ಕೂತಿದ್ದರೆ ಅದು ಪುಡಿ. ಮ್ಯಾಟ್ ವಾರ್ನಿಷ್ ಎಂದರೆ ಹೊಳೆಯುವ ವಾರ್ನಿಷ್‌ಗೆ ನುಣ್ಣನೆಯ ಸಿಲಿಕಾದಂಥ ಪುಡಿ ಬೆರೆಸಿದ್ದು. ಬೆಳಕನ್ನು ಚದುರಿಸಿ ಹೊಳಪು ಅಡಗಿಸುವುದು ಆ ಪುಡಿಯೇ. ಡಬ್ಬಿಯನ್ನು ಸರಿಯಾಗಿ ಅಲುಗಿಸದೆ, ಒಂದೇ ಸಲ ದಪ್ಪಗೆ ಹೊಡೆದರೆ ಅದು ತಗ್ಗುಗಳಲ್ಲಿ ಗುಡ್ಡೆಯಾಗುತ್ತದೆ. ಮೂರನೆಯದು ಕೈಗೆ ತರಿತರಿಯಾಗಿ ಸಿಗುತ್ತದೆ: ತುಂಬಾ ದೂರದಿಂದ ಹೊಡೆದಾಗ ಹನಿಗಳು ಗಾಳಿಯಲ್ಲೇ ಒಣಗಿ ಮರಳಿನಂತೆ ಬಂದು ಬಿದ್ದಿರುತ್ತವೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಆಗುವ ತೊಂದರೆ ಇದು.

ತೇವದ ಬಿಳುಪಿಗೆ ಹೀಗೆ ಮಾಡಿ. ಮಾದರಿಯನ್ನು ಒಂದು ದಿನ ಒಣಗಲು ಬಿಡಿ. ಮಳೆ ಬಿಟ್ಟು ಗಾಳಿಯ ತೇವ ಶೇ. 60ಕ್ಕಿಂತ ಇಳಿದ ದಿನ, ಆರುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಇರುವ ಲ್ಯಾಕರ್ ಥಿನ್ನರ್ ಅನ್ನು (ಮಿಸ್ಟರ್ ಲೆವೆಲಿಂಗ್ ಥಿನ್ನರ್ ಆ ಬಗೆಯದು) ಏರ್‌ಬ್ರಶ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಬ್ಬನಿಯಷ್ಟು ತೆಳುವಾಗಿ ಹಾಯಿಸಿ. ಲೇಪ ತುಸು ಕರಗಿ, ಸಿಕ್ಕಿಕೊಂಡ ತೇವ ಹೊರಹೋಗಿ, ಬಣ್ಣ ಮರಳುತ್ತದೆ. ಮೇಲ್ಮೈ ಒದ್ದೆಯಾಗುವಷ್ಟು ಹೊಡೆದರೆ ಡೆಕಾಲ್ ಸುಕ್ಕುಗಟ್ಟುತ್ತದೆ, ಆದ್ದರಿಂದ ಮೊದಲು ಹೊಟ್ಟೆಯ ಭಾಗದಲ್ಲಿ ಪರೀಕ್ಷಿಸಿ. ಏರ್‌ಬ್ರಶ್ ಇಲ್ಲದಿದ್ದರೆ ಗ್ಲಾಸ್ (ಹೊಳಪಿನ) ಕ್ಲಿಯರ್ ಸ್ಪ್ರೇಯನ್ನು ಅಷ್ಟೇ ತೆಳುವಾಗಿ ಎರಡು ಮೂರು ಸುತ್ತು ಹೊಡೆಯಿರಿ. ಪುಡಿಯ ಬಿಳುಪಿಗೂ ಗ್ಲಾಸ್ ಲೇಪವೇ ಮದ್ದು: ಪುಡಿಯ ಸುತ್ತಲಿನ ಸಂದು ತುಂಬಿಕೊಂಡರೆ ಬಿಳುಪು ಬಹುಮಟ್ಟಿಗೆ ಮಾಯವಾಗುತ್ತದೆ. ತರಿಯನ್ನು 2000 ನಂಬರಿನ ಮರಳುಕಾಗದದಿಂದ ಹಗುರವಾಗಿ ಉಜ್ಜಿ ತೆಗೆಯಬಹುದು.

ಮುಂದಿನ ಸಲ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ. ಕುದಿನೀರು ಬೇಡ, ಡಬ್ಬಿ ಸಿಡಿಯಬಹುದು. ಒಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೂ ಎರಡು ನಿಮಿಷ ಅಲುಗಿಸಿ. 20ರಿಂದ 25 ಸೆಂ.ಮೀ. ದೂರದಿಂದ, ಮಾದರಿಯ ಆಚೆ ಶುರುಮಾಡಿ ಈಚೆ ನಿಲ್ಲಿಸುತ್ತ ಬೀಸಿ. ಮೂರು ತೆಳು ಸುತ್ತು, ನಡುವೆ ಹದಿನೈದು ನಿಮಿಷ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಲ್ಯಾಕರ್ ಬಿಟ್ಟು ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ವಾರ್ನಿಷ್ ಹಿಡಿಯುವುದೇ ಮೇಲು. ಆರಲು ಹೊತ್ತು ಹೆಚ್ಚು, ತೇವಕ್ಕೆ ಬೆಳ್ಳಗಾಗುವ ಭಯ ಕಡಿಮೆ.

ಪ್ರಶ್ನೆ: ಟಾಮಿಯಾದ ಎಕ್ಸ್-21 ಫ್ಲ್ಯಾಟ್ ಬೇಸ್ ತಂದಿದ್ದೇನೆ. ನೇರವಾಗಿ ಹಚ್ಚಬಹುದೇ? (ಮೈಸೂರು)

ಉತ್ತರ: ಬೇಡವೇ ಬೇಡ. ಅದು ವಾರ್ನಿಷ್ ಅಲ್ಲ, ಹೊಳಪು ತಗ್ಗಿಸಲು ಬೆರೆಸುವ ಪದಾರ್ಥ. ಒಂದನ್ನೇ ಹಚ್ಚಿದರೆ ಸುಣ್ಣದಂತೆ ಕಾಣುತ್ತದೆ. ಎಕ್ಸ್-22 ಕ್ಲಿಯರ್‌ನ ಹತ್ತು ಪಾಲಿಗೆ ಇದರ ಒಂದು ಪಾಲು ಸೇರಿಸಿ ಕಪ್ಪು ಬಣ್ಣ ಹೊಡೆದ ಪ್ಲಾಸ್ಟಿಕ್ ಚಮಚದ ಮೇಲೆ ನೋಡಿ. ಹೊಳಪು ಇನ್ನೂ ಉಳಿದಿದ್ದರೆ ಹನಿ ಹನಿಯಾಗಿ ಹೆಚ್ಚಿಸಿ. ಕಪ್ಪು ಬೂದಿಯಾಗತೊಡಗಿತೆಂದರೆ ಮಿತಿ ಮೀರಿತು. ಅಳೆದು ಬೆರೆಸುವ ತಾಪತ್ರಯ ಬೇಡವೆನ್ನುವವರಿಗೆ ಅದೇ ಕಂಪನಿಯ ಎಕ್ಸ್‌ಎಫ್-86 ಎಂಬ ಸಿದ್ಧ ಮ್ಯಾಟ್ ಕ್ಲಿಯರ್ ಇದೆ. ಎಕ್ಸ್-20ಎ ಥಿನ್ನರ್ ಸಮಪಾಲು ಸೇರಿಸಿ, 0.3 ಮಿ.ಮೀ. ನಳಿಕೆಯಲ್ಲಿ 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಹೊಡೆಯಬಹುದು. ಮುಗಿದ ಕೂಡಲೇ ಏರ್‌ಬ್ರಶ್ ತೊಳೆಯಿರಿ, ಇಲ್ಲದಿದ್ದರೆ ಪುಡಿ ನಳಿಕೆಯಲ್ಲಿ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಮ್ಯಾಟ್ ಬಣ್ಣದ ಮೇಲೆ ವಾಯುಪಡೆಯ ತ್ರಿವರ್ಣ ಚಕ್ರದ ಡೆಕಾಲ್ ಅಂಟಿಸಿದೆ. ಸುತ್ತ ಬೆಳ್ಳಿಯಂಥ ಅಂಚು ಕಾಣುತ್ತದೆ. ಮ್ಯಾಟ್ ಹೊಡೆದರೆ ಮುಚ್ಚಿಹೋಗುವುದೇ? (ಹುಬ್ಬಳ್ಳಿ)

ಉತ್ತರ: ಮುಚ್ಚುವುದಿಲ್ಲ. ಅದು ಒರಟು ಮೇಲ್ಮೈಗೂ ಡೆಕಾಲ್ ಪೊರೆಗೂ ನಡುವೆ ಸಿಕ್ಕ ಗಾಳಿ. ಸೂಜಿಮೊನೆಯಿಂದ ಅಲ್ಲಲ್ಲಿ ಚುಚ್ಚಿ ಡೆಕಾಲ್ ಮೆದುಗೊಳಿಸುವ ದ್ರಾವಣ ಸವರಿ, ಆರಿದ ಮೇಲೆ ಮತ್ತೊಮ್ಮೆ ಸವರಿ. ಸರಿಯಾದ ಕ್ರಮ ಇದು: ಬಣ್ಣ, ಗ್ಲಾಸ್, ಡೆಕಾಲ್, ಒಂದು ರಾತ್ರಿ ಬಿಟ್ಟು ಮತ್ತೆ ಗ್ಲಾಸ್, ಪ್ಯಾನೆಲ್ ಗೆರೆಗೆ ವಾಶ್ (ಗೆರೆ ಎದ್ದು ಕಾಣಲು ಹಾಯಿಸುವ ನೀರಾದ ಗಾಢ ಬಣ್ಣ), ಎಲ್ಲಕ್ಕೂ ಕೊನೆಗೆ ಮ್ಯಾಟ್. ಎಂಜಿನ್ ನಳಿಕೆಯಂಥ ಬರಿ ಲೋಹದ ಭಾಗಕ್ಕೆ ಮ್ಯಾಟ್ ತಾಗಿಸಬೇಡಿ, ಲೋಹದ ಕಳೆಯೇ ಸತ್ತುಹೋಗುತ್ತದೆ. ಕಾಕ್‌ಪಿಟ್ ಗಾಜಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತಿ. ಮ್ಯಾಟ್ ಹೊಡೆದು ಆರಿದ ಮೇಲಷ್ಟೇ ಟೇಪ್ ಬಿಚ್ಚಿ.

ಪ್ರಶ್ನೆ: ಬಾಲ್ಕನಿ ಇಲ್ಲದ ಮನೆ. ಅಡುಗೆಮನೆಯ ಕಿಟಕಿ ಬಳಿ ಸ್ಪ್ರೇ ಮಾಡಬಹುದೇ? (ಬೆಂಗಳೂರು)

ಉತ್ತರ: ಅಲ್ಲಿ ಮಾತ್ರ ಬೇಡ. ಸ್ಪ್ರೇಯ ಅನಿಲ, ದ್ರಾವಕ ಎರಡೂ ಹೊತ್ತಿಕೊಳ್ಳುವಂಥವು. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ತಾರಸಿಗೆ ಹೋಗಿ, ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿ ಅದರೊಳಗೆ ಹೊಡೆಯಿರಿ. ಧೂಳಿನ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ, ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು. ಹೊಡೆದ ತಕ್ಷಣ ಮಾದರಿಯ ಮೇಲೆ ಸ್ವಚ್ಛವಾದ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ, ಗಾಳಿಯಾಡಲು ಒಂದು ಅಂಚಿಗೆ ಬೆಂಕಿಕಡ್ಡಿಯಷ್ಟು ಸಂದು ಬಿಡಿ. ಮಾರನೆಯ ದಿನದವರೆಗೆ ಮುಟ್ಟಬೇಡಿ.