ಓದುಗರ ಪ್ರಶ್ನೆ: ಮಾತಾಡುತ್ತ ಓಡಲು ಬಂದರೆ ಸಾಕು

ಪ್ರಶ್ನೆ: ಪ್ರಾಯ 43. ಬದಿಯಡ್ಕದಲ್ಲಿ ಅಂಗಡಿ, ಬೆಳಗ್ಗಿನಿಂದ ರಾತ್ರಿವರೆಗೆ ಕುಳಿತೇ ಕೆಲಸ. ಓಡಬೇಕೆಂದು ಹೊರಟರೆ 200 ಮೀಟರಿಗೇ ಏದುಸಿರು. ಹಠ ಹಿಡಿದು ನಾಲ್ಕು ದಿನ ಓಡಿದೆ. ಈಗ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಉದ್ದಕ್ಕೂ ನೋವು. ನನ್ನ ಪ್ರಾಯಕ್ಕೆ ಇದು ಆಗುವ ಕೆಲಸವೇ?

ಉತ್ತರ: ಪ್ರಾಯದ ತಪ್ಪಲ್ಲ, ವೇಗದ ತಪ್ಪು. ಶಾಲೆಯಲ್ಲಿ ನೂರು ಮೀಟರ್ ಓಡಿದ ನೆನಪಿನಲ್ಲೇ ಹೆಚ್ಚಿನವರು ಶುರುಮಾಡುತ್ತಾರೆ. ಓಡುತ್ತಿರುವಾಗ ತುಳುವೋ ಕನ್ನಡವೋ ಮಲಯಾಳವೋ, ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಎರಡು ಶಬ್ದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ಪಕ್ಕದಲ್ಲಿ ನಡೆಯುವವರು ನಿಮ್ಮನ್ನು ಹಿಂದೆ ಹಾಕಿದರೂ ನಾಚಬೇಕಾಗಿಲ್ಲ.

ಮೊದಲು ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ. ಗುಡ್ಡೆ ಹತ್ತುವಾಗ ಎದೆ ಹಿಡಿದಂತಾಗುವುದು, ಕಣ್ಣು ಕತ್ತಲೆ ಬರುವುದು ಇದ್ದರೆ, ಅಥವಾ ಅಪ್ಪ, ಅಣ್ಣ-ತಮ್ಮಂದಿರಿಗೆ ಸಣ್ಣ ಪ್ರಾಯದಲ್ಲೇ ಹೃದಯಾಘಾತ ಆಗಿದ್ದರೆ, ವೈದ್ಯರು ಒಪ್ಪುವ ಮೊದಲು ಓಡಬೇಡಿ.

ಕಾಲುನೋವು ಪೂರ್ತಿ ಇಳಿಯುವವರೆಗೆ, ಕಡಿಮೆಯೆಂದರೆ ಎರಡು ವಾರ, ನೋವು ಬಾರದಷ್ಟು ನಡೆದರೆ ಸಾಕು. 30 ನಿಮಿಷದ ಬೀಸುನಡಿಗೆಗೆ ನಿಧಾನವಾಗಿ ಬನ್ನಿ. ಆಮೇಲೆ ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು ಓಟ. 5 ನಿಮಿಷ ನಡಿಗೆ. ನಂತರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ. ಕೊನೆಗೆ ಮತ್ತೆ 5 ನಿಮಿಷ ನಡಿಗೆ. ನಡಿಗೆ 2 ನಿಮಿಷವೇ ಇರಲಿ, ಓಟವನ್ನು ಮೂರನೇ ವಾರ 2 ನಿಮಿಷಕ್ಕೆ, ಐದನೇ ವಾರ 4ಕ್ಕೆ, ಏಳನೇ ವಾರ 7ಕ್ಕೆ, ಒಂಬತ್ತನೇ ವಾರ 12ಕ್ಕೆ ಏರಿಸಿ. ಓಟ ಉದ್ದವಾದಂತೆ ಸುತ್ತು ಕಡಿಮೆ ಮಾಡಿ, ಒಟ್ಟು ಸಮಯ 35 ನಿಮಿಷದ ಆಸುಪಾಸಿನಲ್ಲಿರಲಿ. ನಡುವಿನ ವಾರಗಳಲ್ಲಿ ಹಿಂದಿನ ವಾರದ್ದನ್ನೇ ಮಾಡಿ. ಹನ್ನೆರಡನೇ ವಾರದ ಹೊತ್ತಿಗೆ 30 ನಿಮಿಷ ನಿಲ್ಲದೆ ಓಡಬಲ್ಲಿರಿ. ಒಂದು ವಾರ ಕಷ್ಟವಾಯಿತೋ, ಅದನ್ನೇ ಮತ್ತೊಮ್ಮೆ ಮಾಡಿ.

ಇಷ್ಟು ನಿಧಾನ ಯಾಕೆಂದರೆ, ಉಸಿರು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಎಲುಬಿಗೆ, ಹಿಮ್ಮಡಿಯ ಮೇಲಿನ ನರದಂಥ ಗಟ್ಟಿ ಪಟ್ಟಿಗೆ ತಿಂಗಳುಗಳೇ ಬೇಕು. "ಈಗ ದಮ್ಮು ಬಂತು" ಎಂದು ಐದಾರನೇ ವಾರ ದೂರ ಏರಿಸುವವರೇ ಹೆಚ್ಚಾಗಿ ಕಾಲು ಕೆಡಿಸಿಕೊಳ್ಳುವುದು. ಎಲುಬಿನ ಉದ್ದಕ್ಕೆ ಗೇಣಗಲ ಹರಡಿದ ನೋವು ವಿಶ್ರಾಂತಿಯಿಂದ ಇಳಿಯುತ್ತದೆ. ಒಂದೇ ಬೆರಳು ಇಟ್ಟು ತೋರಿಸುವಂಥ ನೋವು, ಒತ್ತಿದರೆ ಜೀವ ಹೋದಂತಾಗುವುದು, ರಾತ್ರಿ ಮಲಗಿದರೂ ಬಿಡದಿರುವುದು ಎಲುಬಿನಲ್ಲಿ ಬಿರುಕು ಬಿಟ್ಟದ್ದರ ಲಕ್ಷಣ ಇರಬಹುದು. ಅಂಥದ್ದಕ್ಕೆ ಎಣ್ಣೆ ತಿಕ್ಕುತ್ತ ಕೂರದೆ ಎಲುಬಿನ ವೈದ್ಯರಿಗೆ ತೋರಿಸಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೆಯೂ ಹೋಗುತ್ತದೆ, ಹಾಗಾಗಿ "ಏನೂ ಇಲ್ಲ" ಎಂದರೂ ನೋವಿದ್ದರೆ ಓಡಬೇಡಿ.

ಪ್ರಶ್ನೆ: ಕುಂಬಳೆಯಲ್ಲಿ ಎಲ್ಲಿ ಓಡುವುದು? ಹೆದ್ದಾರಿಯಲ್ಲಿ ಗಾಡಿಗಳು, ಒಳದಾರಿಯಲ್ಲಿ ನಾಯಿಗಳು. ಬೇಕಲದ ಕಡಲ ಬದಿಗೆ ಹೋಗಬಹುದೇ?

ಉತ್ತರ: ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟುಬಿಡಿ. ಶಾಲೆ ಮೈದಾನವೇ ಒಳ್ಳೆಯದು, ಆದರೆ ಮುರಕಲ್ಲಿನ ನೆಲದ ಮೇಲೆ ಸಡಿಲ ಜಲ್ಲಿ ಇರುವ ಕಡೆ ತಿರುವಿನಲ್ಲಿ ಕಾಲು ಜಾರುತ್ತದೆ. ಒಂದೇ ದಿಕ್ಕಿಗೆ ಸುತ್ತದೆ ನಡುನಡುವೆ ತಿರುಗಿ ಓಡಿ.

ಕಡಲ ಬದಿ ನೋಡಲು ಚಂದ, ಹೊಸಬರ ಕಾಲಿಗೆ ಒಳ್ಳೆಯದಲ್ಲ. ಒಣ ಹೊಯಿಗೆಯಲ್ಲಿ ಹಿಮ್ಮಡಿ ಹುಗಿದು ಮೀನಖಂಡಕ್ಕೆ ಎಳೆತ. ತೆರೆ ಬಡಿಯುವಲ್ಲಿ ನೆಲ ಗಟ್ಟಿ, ಆದರೆ ಇಳಿಜಾರು. ಒಂದು ಕಾಲು ಸದಾ ಕೆಳಗೇ ಬೀಳುತ್ತದೆ. ವಾರಕ್ಕೊಮ್ಮೆ 10 ನಿಮಿಷ, ಬಂದ ದಾರಿಯಲ್ಲೇ ಹಿಂದಿರುಗುವುದಾದರೆ ಅಡ್ಡಿಯಿಲ್ಲ.

ಪಂಚಾಯತು ರಸ್ತೆಯಲ್ಲಿ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವಂತೆ ಓಡಿ. ನಾಯಿ ಅಟ್ಟಿಸಿದರೆ ಓಟ ನಿಲ್ಲಿಸಿ, ಅದಕ್ಕೆ ಬೆನ್ನು ಹಾಕದೆ ಮೆಲ್ಲ ನಡೆಯಿರಿ. ಮಳೆಗಾಲದಲ್ಲಿ ಹಾವಸೆ ಹಿಡಿದ ಕಾಂಕ್ರೀಟಿನ ಮೇಲೆ ನಡೆದೇ ದಾಟಿ. ತುಲಾ ತಿಂಗಳಲ್ಲಿ, ಎಂದರೆ ಅಕ್ಟೋಬರ್-ನವೆಂಬರ್ ಹೊತ್ತಿಗೆ, ಸಂಜೆ ಸಿಡಿಲಿನ ಕಾಟ, ಆಗ ಬೆಳಗ್ಗೆಯೇ ಓಡಿ. ಬೇಸಗೆಯಲ್ಲೂ ಬೆಳಗ್ಗೆ ಆರರೊಳಗೆ ಹೊರಡಿ. ನಮ್ಮ ಕರಾವಳಿಯ ಗಾಳಿಯಲ್ಲಿ ಬೆವರು ಇಳಿಯುತ್ತದೆ, ಆದರೆ ಆರುವುದಿಲ್ಲ. ಆರದಿದ್ದರೆ ಮೈ ತಣಿಯದು. ಅದಕ್ಕೇ ಮೈಸೂರಿನಲ್ಲಿ ಸುಲಭವೆನಿಸಿದ ವೇಗ ಇಲ್ಲಿ ದಮ್ಮು ಕಟ್ಟಿಸುವುದು.

ಪ್ರಶ್ನೆ: ಶೂ ಎಷ್ಟು ರೂಪಾಯಿಯದ್ದು ಬೇಕು?

ಉತ್ತರ: ಬೆಲೆಗಿಂತ ಅಳತೆ ಮುಖ್ಯ. ಪಾದ ಸ್ವಲ್ಪ ಊದಿಕೊಂಡಿರುವ ಸಂಜೆಹೊತ್ತು, ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಅಂಗಡಿಗೆ ಹೋಗಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬಿಡಬೇಕು. ಬಿಡದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಕಳಚಬಾರದು, ಶೂ ಬೆರಳುಗಳ ಬುಡದಲ್ಲೇ ಮಡಚಬೇಕು. ಸುಮಾರು 500ರಿಂದ 800 ಕಿ.ಮೀ. ಬಾಳುತ್ತದೆ. ನೆನೆದದ್ದನ್ನು ಒಲೆಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಒಳಗೆ ಹಳೇ ಪೇಪರು ತುರುಕಿ, ಒದ್ದೆಯಾದ ಹಾಗೆ ಬದಲಿಸಿ. ಹತ್ತಿಯ ಕಾಲುಚೀಲ ಬೆವರು ಹಿಡಿದಿಟ್ಟು ಬೊಕ್ಕೆ ಎಬ್ಬಿಸುತ್ತದೆ. ತೊಡೆ, ಕಂಕುಳು ಉಜ್ಜುವಲ್ಲಿ ವ್ಯಾಸಲಿನ್ ಹಚ್ಚಿ.

ಪ್ರಶ್ನೆ: ಉಪ್ಪಳದ ಗೃಹಿಣಿ ನಾನು. 5 ಕಿ.ಮೀ.ಯನ್ನು 40 ನಿಮಿಷದಲ್ಲಿ ನಿಲ್ಲದೆ ಓಡುತ್ತೇನೆ. ಮಂಗಳೂರಿನ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೇನೆ, ಇನ್ನು ಒಂಬತ್ತು ವಾರ ಇದೆ. ಆ ದಿನ ಏನೇನು ನೋಡಿಕೊಳ್ಳಬೇಕು?

ಉತ್ತರ: ಒಂಬತ್ತು ವಾರ ಧಾರಾಳ. ಭಾನುವಾರದ ಉದ್ದ ಓಟ ಕ್ರಮವಾಗಿ 5, 6, 7, 5, 7, 8, 9, 5 ಕಿ.ಮೀ. ಇರಲಿ, ಒಂಬತ್ತನೆಯದು ಸ್ಪರ್ಧೆ. ನಡುವಿನ 5 ಬಿಡುವಿನ ವಾರ, ಅದನ್ನು ಹಾರಿಸಬೇಡಿ. ವಾರದ ಉಳಿದೆರಡು ದಿನ ಅರ್ಧ ಗಂಟೆ ಸಲೀಸಾಗಿ ಓಡಿದರಾಯಿತು. ಕೊನೆಯ ವಾರ ಹೆಚ್ಚು ಓಡಿದರೆ ಶಕ್ತಿ ಬರುವುದಿಲ್ಲ, ಆಯಾಸ ಮಾತ್ರ ಉಳಿಯುತ್ತದೆ.

ಬಿಬ್, ಎಂದರೆ ಎದೆಗೆ ಕಟ್ಟುವ ನಂಬರು, ಹೆಚ್ಚಿನ ಕಡೆ ಹಿಂದಿನ ದಿನವೇ ಕೊಡುತ್ತಾರೆ, ಗುರುತಿನ ಚೀಟಿ ಬೇಕಾಗುತ್ತದೆ. ಮಂಗಳೂರಿನಲ್ಲಿ ನೆಂಟರ ಮನೆಯಿದ್ದರೆ ರಾತ್ರಿ ಅಲ್ಲೇ ಉಳಿಯಿರಿ. ಮುಂಜಾನೆಯ ಬಸ್ಸು ನಂಬಿ ಹೊರಡಬೇಡಿ. ಬಿಬ್ಬಿನ ಹಿಂದೆ ಸಮಯ ಅಳೆಯುವ ಚಿಪ್ ಅಂಟಿಸಿದ್ದರೆ ಮಡಚಬೇಡಿ, ನಾಲ್ಕು ಮೂಲೆಗೂ ಪಿನ್ನು ಹಾಕಿ ಎದುರು ಭಾಗದಲ್ಲೇ ಧರಿಸಿ. ಆರಂಭದ ಗೆರೆಯಲ್ಲೂ ಚಿಪ್ ಓದುವ ಮ್ಯಾಟ್ ಹಾಸಿದ್ದರೆ ನೀವು ಗೆರೆ ದಾಟಿದ ಗಳಿಗೆಯಿಂದಲೇ ನಿಮ್ಮ ಸಮಯ ಎಣಿಸುತ್ತದೆ. ಹಾಗಾಗಿ ಹಿಂದೆ ನಿಂತರೂ ನಷ್ಟವಿಲ್ಲ. ಹಿಂದೆಯೇ ನಿಲ್ಲಿ.

ಎರಡು ಗಂಟೆ ಮೊದಲು ಎರಡು ಇಡ್ಲಿ, ಅಥವಾ ಬಾಳೆಹಣ್ಣು ಮತ್ತು ಬ್ರೆಡ್. ಚಟ್ನಿ, ಸಾಂಬಾರು ಬೇಡ. ಹೊಸ ಶೂ, ಹೊಸ ಬಟ್ಟೆ, ಅಲ್ಲಿ ಹಂಚುವ ಹೊಸ ಜೆಲ್ (ಓಡುವಾಗ ಶಕ್ತಿಗೆಂದು ಸೇವಿಸುವ ಸಿಹಿ ಪಾಕ), ಯಾವುದನ್ನೂ ಆ ದಿನ ಪರೀಕ್ಷಿಸಬೇಡಿ. ಶೌಚಾಲಯದ ಸಾಲು ಉದ್ದವಿರುತ್ತದೆ, 45 ನಿಮಿಷ ಮೊದಲೇ ತಲುಪಿ.

ಬ್ಯಾಂಡ್ ಬಾರಿಸುತ್ತಾರೆ, ಸುತ್ತಲಿನವರು ಬಾಣದಂತೆ ಹೋಗುತ್ತಾರೆ, ನಿಮ್ಮ ಕಾಲೂ ಎಳೆಯುತ್ತದೆ. ಅಲ್ಲಿಯೇ ಹೆಚ್ಚಿನವರ ಓಟ ಕೆಡುವುದು. ನಿಮ್ಮ ವೇಗ ಕಿ.ಮೀ.ಗೆ 8 ನಿಮಿಷ. ಮೊದಲ ಎರಡು ಕಿ.ಮೀ. ಎಂಟೂವರೆಯಲ್ಲಿ ಓಡಿ. ಏಳನೇ ಕಿ.ಮೀ. ನಂತರ ಉಸಿರಿದ್ದರೆ ಹೆಚ್ಚಿಸಿಕೊಳ್ಳಿ. ಒಟ್ಟು 85 ನಿಮಿಷದ ಆಸುಪಾಸು ಆಗಬಹುದು. ಆಯೋಜಕರ ಗಡುವು ಅದಕ್ಕಿಂತ ಹೆಚ್ಚಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ನೀರಿನ ಮೇಜಿನ ಬಳಿ ನಡೆಯುತ್ತ ಎರಡು ಮೂರು ಗುಟುಕು ಕುಡಿಯಿರಿ. ಬಾಯಾರಿಕೆ ಇಲ್ಲದೆ ಲೋಟಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ, ಅದೂ ಅಪಾಯ. ಮುಗಿಸಿದ ಕೂಡಲೇ ಕೂರದೆ ಹತ್ತು ನಿಮಿಷ ನಡೆಯಿರಿ. ನಡುಕ, ತಲೆಸುತ್ತು, ಮಾತು ತೊದಲುವುದು ಕಂಡರೆ ವೈದ್ಯಕೀಯ ಡೇರೆಗೆ ಹೋಗಿ, ಪದಕ ಆಮೇಲೆ.

ಪ್ರಶ್ನೆ: ಓಡಿದರೆ ಹೊಟ್ಟೆ ಕರಗುತ್ತದೆಯೇ?

ಉತ್ತರ: 70 ಕಿಲೋ ತೂಕದವರು 5 ಕಿ.ಮೀ. ಓಡಿದರೆ ಸುಮಾರು 350 ಕ್ಯಾಲೊರಿ ಖರ್ಚು. ಹಿಂದಿರುಗುವಾಗ ಹೋಟೆಲಿನಲ್ಲಿ ಒಂದು ಪ್ಲೇಟು ಗೋಳಿಬಜೆ, ಸಕ್ಕರೆ ಹಾಕಿದ ಚಹಾ ತೆಗೆದುಕೊಂಡರೆ ಲೆಕ್ಕ ಚುಕ್ತಾ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಓಡಬಹುದೇ?

ಉತ್ತರ: ಹೆಚ್ಚಿನವರಿಗೆ ಒಳ್ಳೆಯದೇ, ಆದರೆ ಮಾತ್ರೆ ಯಾವುದೆಂದು ನೋಡಬೇಕು. ಮೆಟ್ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ, ಇನ್ಸುಲಿನ್ ಇದ್ದವರಿಗೆ ಓಡುವಾಗಲೂ ಓಡಿದ ಕೆಲವು ಗಂಟೆಗಳ ನಂತರವೂ ಇಳಿಯಬಹುದು. ಪ್ರಮಾಣವನ್ನು ನೀವೇ ಬದಲಿಸಬೇಡಿ, ವೈದ್ಯರನ್ನು ಕೇಳಿ. ಕಾಲಿನ ಜೋಮು, ಪಾದದ ಹುಣ್ಣು, ಕಣ್ಣಿನ ತೊಂದರೆ ಇದ್ದರೆ ಅದನ್ನೂ ಹೇಳಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೊಳ್ಳಿ. ಬೆವರು, ನಡುಕ, ಕಣ್ಣು ಮಂಜು ಶುರುವಾದರೆ ನಿಂತು 15 ಗ್ರಾಂ, ಅಂದರೆ ಮೂರು ಟೀ ಚಮಚದಷ್ಟು ತಿಂದು, 15 ನಿಮಿಷ ಕಾದು ಸಕ್ಕರೆ ಪರೀಕ್ಷಿಸಿ. ಆ ದಿನ ಮನೆಗೆ ನಡೆದೂ ಹೋಗಬೇಡಿ, ರಿಕ್ಷಾ ಹಿಡಿಯಿರಿ.